ಪುಟ್ಟಿಗೆ ನೀವೇ ಹೇಳಿ, ಅತ್ತಿಗೆ

ಆಲೂರು

ಪ್ರೀತಿಯ ಅತ್ತಿಗೆ,

ನಿನ್ನೆ ರಾತ್ರಿ ಪುಟ್ಟಿ ಮೆಸೇಜು ಹಾಕಿದ್ದಳು: "ಅತ್ತೆ, ಅಮ್ಮಂಗೆ ನಿಜವಾಗ್ಲೂ ಏನಾಗಿದೆ?" ನಾನಿನ್ನೂ ಉತ್ತರ ಕೊಟ್ಟಿಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕಾದ ಮಾತು. ಫೋನಿನಲ್ಲಿ ಹೇಳಲು ಹೊರಟರೆ ನೀವು "ಆಮೇಲೆ ನೋಡೋಣ" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ.

ಊರಿಗೆಲ್ಲ ಗರ್ಭಕೋಶದ ಆಪರೇಷನ್ ಅಂತ ಹೇಳಿದ್ದಾಯಿತು. ನಮ್ಮ ಕಡೆ ಆ ಮಾತು ಬಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ನನ್ನ ಅಮ್ಮನಿಗೆ ಅದು ಗೊತ್ತು. ಕೂದಲು ಉದುರಿದ ಮೇಲೆ ಅದಕ್ಕೊಂದು ಟೈಫಾಯಿಡ್ ಸೇರಿತು. ಎದೆಯ ಹೊಲಿಗೆಯ ಮೇಲೆ ಸೆರಗು ಬಿಗಿಯಾಗಿ ಪಿನ್ನು ಮಾಡಿಕೊಂಡು, ನೋಡಲು ಬಂದವರಿಗೆ ಹೊಟ್ಟೆನೋವಿನ ಕಥೆ ಹೇಳುತ್ತಾ ಕೂತವರು ಮಾತ್ರ ನೀವು. ರೋಗ ನಿಮ್ಮದಾಯಿತು, ಅದನ್ನು ಮುಚ್ಚಿಡುವ ಕೆಲಸವೂ ನಿಮ್ಮ ತಲೆಗೇ ಬಂತು. ನನಗೆ ಇದು ಸಹಿಸಲಾಗುತ್ತಿಲ್ಲ.

ನಿಜ ಹೊರಬಿದ್ದರೆ ಪುಟ್ಟಿಯ ಮದುವೆಯ ಗತಿಯೇನು ಅನ್ನುತ್ತಾಳೆ ಅಮ್ಮ. ಅವಳ ಭಯ ಸುಳ್ಳಲ್ಲ, ನಮ್ಮ ಜನ ಹೆಣ್ಣು ಕೇಳುವ ಮೊದಲು ಮನೆಯ ಕಾಯಿಲೆಗಳನ್ನೂ ವಿಚಾರಿಸುತ್ತಾರೆ. ಆದರೆ ಸ್ತನ ಕ್ಯಾನ್ಸರ್ ಬಂದ ನೂರು ಹೆಂಗಸರಲ್ಲಿ ಐದರಿಂದ ಹತ್ತು ಜನರಿಗಷ್ಟೇ ಅದು ವಂಶದಿಂದ ಬಂದಿರುತ್ತದೆ. ಬಂದರೂ ತಾಯಿಯಿಂದಲೇ ಬರಬೇಕೆಂದಿಲ್ಲ, ಆ ಜೀನು ತಂದೆಯ ಕಡೆಯಿಂದಲೂ ಇಳಿಯುತ್ತದೆ. ಹೀಗಿರುವಾಗ ಹೆಣ್ಣಿನ ತಾಯಿಯೊಬ್ಬಳನ್ನೇ ಅಳೆದು ನೋಡುವುದು ಯಾವ ನ್ಯಾಯ? ಇನ್ನೊಂದು ಮಾತು. ನಾಳೆ ಪುಟ್ಟಿ ಯಾವುದಾದರೂ ಡಾಕ್ಟರ ಮುಂದೆ ಕೂತರೆ, "ಮನೆಯಲ್ಲಿ ಯಾರಿಗಾದರೂ ಇತ್ತಾ? ಯಾವ ವಯಸ್ಸಿನಲ್ಲಿ?" ಅಂತ ಕೇಳುತ್ತಾರೆ. ಗರ್ಭಕೋಶ ಅಂತ ನಂಬಿದ ಮಗಳು ಏನು ಹೇಳಬೇಕು? ಅವಳಿಗಾಗಿ ಮುಚ್ಚಿಡುತ್ತಿದ್ದೇವೆ ಅಂದುಕೊಂಡು ಅವಳಿಗೆ ಬೇಕಾದದ್ದನ್ನೇ ಮುಚ್ಚಿಡುತ್ತಿದ್ದೇವೆ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೀವು ಹೀಗಿರಲಿಲ್ಲ. 1973ರಿಂದ ಕರ್ನಾಟಕದ ಮೂಲೆಮೂಲೆಯ ಜನ ಬಂದು ಕೂತೆದ್ದ ಜಾಗ ಅದು. ಅಲ್ಲಿ ಯಾರಿಗೆ ಏನು ಮುಚ್ಚಿಡುವುದು? ರಾಯಚೂರಿನ ಆ ಅಜ್ಜಿ ತನ್ನ ತಲೆಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, "ನಿಂದು ಎಷ್ಟನೇ ಕೀಮೋ ತಂಗಿ? ಕೆಂಪು ಇಂಜೆಕ್ಷನ್ ಮುಗೀತೇನು?" ಅಂದಾಗ ನೀವೂ ಬಟ್ಟೆ ಬಿಚ್ಚಿದಿರಿ. ಬಚ್ಚಲಲ್ಲಿ ಕೂದಲು ಕೈಗೆ ಬಂದ ದಿನದ ಕಥೆ ನನಗೂ ಹೇಳಿರಲಿಲ್ಲ, ಆ ಅಜ್ಜಿಗೆ ಹೇಳಿದಿರಿ. ಇಬ್ಬರೂ ನಕ್ಕಿರಿ. ಆಪರೇಷನ್ ಆದಮೇಲೆ ನೀವು ನಕ್ಕಿದ್ದನ್ನು ನಾನು ನೋಡಿದ್ದು ಅಲ್ಲೇ.

ಅಣ್ಣ ಜಗಲಿಯಲ್ಲಿ ಮಲಗುತ್ತಿರುವುದರ ಬಗ್ಗೆ ಒಂದು ಮಾತು. ಅವನಿಗೆ ನಿಮ್ಮನ್ನು ಕಂಡರೆ ಅಸಹ್ಯ ಅಂತ ನೀವು ತಿಳಿದಿದ್ದೀರಿ. ನಾನು ಅವನನ್ನು ನೇರವಾಗಿ ಕೇಳಿದೆ. "ನಿದ್ದೆಗಣ್ಣಲ್ಲಿ ಕೈ ತಗುಲಿ ಅವಳಿಗೆ ನೋವಾದ್ರೆ?" ಅಂದ. ನಿಮಗೆ ಹೇಳಲು ಅವನಿಗೆ ಬಾಯಿ ಬಂದಿಲ್ಲ, ಅಷ್ಟೇ. ಇವತ್ತೇ ಒಳಗೆ ಕರೆಯಿರಿ. ನಿಮ್ಮ ತಟ್ಟೆ, ಲೋಟ ಬೇರೆ ಇಟ್ಟಿರುವುದನ್ನೂ ನೋಡಿದೆ. ಇದು ಅಂಟುವ ರೋಗವಲ್ಲ. ಅಮ್ಮನಿಗೆ ಅದನ್ನು ನಾನು ಹೇಳುತ್ತೇನೆ.

ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಬಿಡಬೇಡಿ. ಅಡುಗೆಮನೆ ಗೋಡೆಯಲ್ಲಿ ನೀವು ಇದ್ದಿಲಿನಿಂದ ಎಳೆದ ಗೆರೆಗಳಲ್ಲಿ ಕೊನೆಯದು ಕಿಟಕಿಯ ಚೌಕಟ್ಟು ದಾಟಿತ್ತು, ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಕಂಕುಳ ಗಂಟು ತೆಗೆದ ಕಡೆ ಕೈ ಊದಿಕೊಳ್ಳಬಹುದು. ಕುಯ್ಲಿಗೆ ಆಳು ಸಿಗಲಿಲ್ಲ ಅಂತ ಆ ಕೈಯಲ್ಲಿ ಕಾಫಿ ಹಣ್ಣಿನ ಚೀಲ ಎತ್ತಬೇಡಿ.

ತೋಟದ ಲೈನುಮನೆಯ ಹೆಂಗಸೊಬ್ಬಳು ಕಳೆದ ಸಲ ನನ್ನನ್ನು ತೊಟ್ಟಿಯ ಹತ್ತಿರ ಕರೆದು, ಎದೆಯಲ್ಲೊಂದು ಗಂಟಿದೆ, ನೋವಿಲ್ಲ, ತೋರಿಸಬೇಕಾ ಅಂತ ಕೇಳಿದಳು. ನಿಮಗೂ ಮೊದಲು ನೋವಿರಲಿಲ್ಲ. ನೋವಿಲ್ಲ ಅಂತಲೇ ಒಂದು ಕುಯ್ಲು ಪೂರ್ತಿ ಸುಮ್ಮನಿದ್ದವರು ನೀವು. ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗು, ಬಿಪಿಎಲ್ ಕಾರ್ಡಿಗೆ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಇದೆ, ಸರ್ಕಾರಿ ಬಸ್ಸಿನಲ್ಲೂ ಈಗ ಹೆಂಗಸರು ದುಡ್ಡು ಕೊಡಬೇಕಿಲ್ಲ ಅಂದೆ. ತಲೆಯಾಡಿಸಿದಳು, ಹೋಗಿಲ್ಲವಂತೆ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದು ವರ್ಷಕ್ಕೆ ಸುಮಾರು 1.9 ಲಕ್ಷ ಹೆಂಗಸರಿಗೆ ಈ ಕಾಯಿಲೆ ಹೊಸದಾಗಿ ಕಂಡಿತು. ಆ ಲೆಕ್ಕ ಹೇಳಿದರೆ ಅವಳು ಹೊರಡುವುದಿಲ್ಲ, "ನನಗೂ ಹೀಗೇ ಆಗಿತ್ತು" ಅಂತ ನೀವು ಹೇಳಿದರೆ ಹೊರಡುತ್ತಾಳೆ.

ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ತರುತ್ತೇನೆ. ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು ಅವರು ತಮ್ಮದೇ ಹೆಸರಿನಲ್ಲಿ, ಕನ್ನಡದಲ್ಲಿ ಬರೆದಿದ್ದಾರೆ. ಓದಬೇಕೆನಿಸಿದಾಗ ಓದಿ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ತೋಟದಲ್ಲಿ ಆನೆಗಳು ಬೀಡುಬಿಟ್ಟಿವೆಯಂತಲ್ಲ, ಸಂಜೆ ಹೊರಡುವುದು ಬೇಡ, ಅಲ್ಲೇ ಉಳಿಯುತ್ತೇನೆ. ಪುಟ್ಟಿಗೂ ಹಾಸನದಿಂದ ಬರಲು ಹೇಳಿದ್ದೇನೆ. ಹೇಳುವವರು ನೀವು. ನಡುವೆ ಮಾತು ನಿಂತರೆ ಪಕ್ಕದಲ್ಲಿ ನಾನಿರುತ್ತೇನೆ. ಅಮ್ಮ ಸಿಟ್ಟಾದರೆ ನನ್ನ ಮೇಲಾಗಲಿ, ಅವಳ ಮಗಳು ನಾನು, ನಿಭಾಯಿಸಿಕೊಳ್ಳುತ್ತೇನೆ.

ನಿಮ್ಮ ಪ್ರೀತಿಯ
ನಾದಿನಿ