ನೋಡೋಣವೋ, ಬಿಡೋಣವೋ

ಮದುವೆಯ ಹಿಂದಿನ ರಾತ್ರಿ ಛತ್ರದ ಮಹಡಿಯಲ್ಲಿ ಜಮಖಾನ ಹಾಸಿಕೊಂಡು ರಮ್ಮಿಗೆ ಕೂತವರನ್ನು ಗಮನಿಸಿ ನೋಡಿ. ಹದಿಮೂರು ಎಲೆ ಜೋಡಿಸಿಕೊಂಡ ಕೂಡಲೇ ಯಾರಾದರೊಬ್ಬರು ‘ಡ್ರಾಪ್’ ಎಂದು ಕವುಚಿ ಹಾಕಿ ಕಾಫಿ ಲೋಟಕ್ಕೆ ಕೈ ಚಾಚುತ್ತಾರೆ. ನೂರಾ ಒಂದರ ಆಟದಲ್ಲಿ ಹಾಗೆ ಮೊದಲೇ ಬಿಟ್ಟರೆ 20 ಪಾಯಿಂಟು, ಎಲೆ ಎಳೆದು ನೋಡಿ ಆಮೇಲೆ ಬಿಟ್ಟರೆ 40, ಕಡೆಯವರೆಗೂ ಕೂತು ಕೈತುಂಬ ಎಣಿಸಿಕೊಟ್ಟರೆ 80. ಜೋಕರೂ ಇಲ್ಲ, ಲೈಫೂ ಇಲ್ಲ ಎಂದಾಗ 20 ಕೊಟ್ಟು ಏಳುವುದೇ ಜಾಣತನ. ಸುತ್ತಲಿದ್ದವರು ‘ಏನಯ್ಯಾ, ಇಷ್ಟು ಬೇಗ ಹೆದರಿಬಿಟ್ಟೆ?’ ಎಂದು ಛೇಡಿಸುತ್ತಾರೆ. ನನಗೋ ಹಾಗೆ ಬಿಡಬಲ್ಲವರ ಮೇಲೆಯೇ ಮೊದಲಿನಿಂದಲೂ ಗೌರವ.

ಪೋಕರ್ ನನಗೆ ಹಿಡಿಸಿದ್ದೂ ಇದಕ್ಕೇ. ಟೆಕ್ಸಾಸ್ ಹೋಲ್ಡಮ್‌ನಲ್ಲಿ ನಿಮ್ಮ ಕೈಗೆ ಎರಡೇ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು. ಅವು ಮೊದಲು ಮೂರು, ಆಮೇಲೆ ಒಂದು, ಕಡೆಗೆ ಇನ್ನೊಂದು ಎಂದು ತೆರೆದುಕೊಳ್ಳುತ್ತವೆ. ತೆರೆಯುವ ಮೊದಲೊಂದು ಸುತ್ತು, ತೆರೆದಾಗಲೆಲ್ಲ ಒಂದೊಂದು ಸುತ್ತು, ಒಟ್ಟು ನಾಲ್ಕು ಸುತ್ತು ಬೆಟ್. ಎದುರಿನವನು ಬೆಟ್ ಕಟ್ಟಿದಾಗಲೆಲ್ಲ ಅದೇ ಪ್ರಶ್ನೆ: ಕಾಲ್ ಮಾಡಿ ನೋಡೋಣವೋ, ಫೋಲ್ಡ್ ಮಾಡಿ ಬಿಡೋಣವೋ?

ಹೊಸಬರು ‘ನಾನು ಗೆಲ್ಲುತ್ತೇನಾ?’ ಎಂದು ಕೇಳಿಕೊಳ್ಳುತ್ತಾರೆ. ಪಳಗಿದವರು ಕೇಳುವುದು ‘ಈ ಬೆಲೆಗೆ ನೋಡಬಹುದಾ?’ ಎಂದು. ನಡುವಿನ ಪಾಟ್‌ನಲ್ಲಿ 100 ರೂಪಾಯಿ ಇದೆ, ಎದುರಿನವನು 50 ಕಟ್ಟಿದ ಎನ್ನಿ. ಈಗ ನೀವು 50 ಹಾಕಿದರೆ ಸಿಗಬಹುದಾದದ್ದು 150. ನಾಲ್ಕು ಸಲ ಹೀಗೆ ನೋಡಿ ಮೂರು ಸಲ ಸೋತರೆ 150 ಹೋಯಿತು, ಒಂದು ಸಲ ಗೆದ್ದರೆ 150 ಬಂತು, ಲೆಕ್ಕ ಸಮ. ಅಂದರೆ ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ನೋಡಬೇಕು, ಇಲ್ಲದಿದ್ದರೆ ಬಿಡಬೇಕು. ಎದುರಿನವನು ಪೂರಾ 100 ಕಟ್ಟಿದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು, 200 ಕಟ್ಟಿದರೆ ಐದರಲ್ಲಿ ಎರಡು ಸಲ.

ನಿಮ್ಮ ಕೈಯಲ್ಲಿ ಎರಡು ಆಟೀನು, ಮೇಜಿನ ನಾಲ್ಕು ಎಲೆಗಳಲ್ಲಿ ಎರಡು ಆಟೀನು. ಇನ್ನೊಂದು ಬಿದ್ದರೆ ಒಂದೇ ಬಣ್ಣದ ಐದೆಲೆ, ಅಂದರೆ ಫ್ಲಶ್. ಕಾಣದ ಎಲೆಗಳು 46, ಅದರಲ್ಲಿ ಆಟೀನು 9. ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಬೀಳುತ್ತದೆ. ಮೇಲಿನ ಅರ್ಧ ಪಾಟ್ ಬೆಟ್ಟಿಗೆ ಬೇಕಾದದ್ದು ನಾಲ್ಕರಲ್ಲಿ ಒಂದು. ನಾಲ್ಕು ಸಲ 50ರಂತೆ 200 ಕಳೆದು, ಐದನೆಯ ಸಲ 150 ಪಡೆಯುತ್ತೀರಿ. ಆಟೀನು ಬಿದ್ದ ಮೇಲೆ ಎದುರಿನವನಿಂದ ಇನ್ನೂ 50 ಕೀಳಬಲ್ಲೆ ಎಂಬ ಭರವಸೆ ಇದ್ದರೆ ಆ ಕೊರತೆ ತುಂಬುತ್ತದೆ, ಇಲ್ಲದಿದ್ದರೆ ಬಿಡುವುದೇ ಸರಿ. ಕೈ ಎಷ್ಟೇ ಚೆಂದ ಕಂಡರೂ ಲೆಕ್ಕ ಬದಲಾಗುವುದಿಲ್ಲ.

ಬಿಡುವುದಕ್ಕೆ ಅಡ್ಡ ಬರುವುದು ಆಗಲೇ ಹಾಕಿದ ದುಡ್ಡು. ಬೋರ್‌ವೆಲ್ ಕೊರೆಸುವವರು ‘ಆರುನೂರು ಅಡಿ ಆಯಿತು, ಇನ್ನೊಂದು ನೂರು ನೋಡೇಬಿಡೋಣ’ ಎನ್ನುವುದಿಲ್ಲವೇ, ಹಾಗೆ. ಕೊರೆದ ಆರುನೂರು ಅಡಿ ವಾಪಸು ಬರುವುದಿಲ್ಲ. ಕೇಳಬೇಕಾದದ್ದು ಮುಂದಿನ ನೂರಡಿಯಲ್ಲಿ ನೀರಿರುವ ಲಕ್ಷಣ ಇದೆಯೇ ಎಂದಷ್ಟೇ. ನಡುವೆ ಬಿದ್ದ ದುಡ್ಡು ನಿಮ್ಮದಲ್ಲ, ಗೆದ್ದವರದು.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು. ಸಾಲದಲ್ಲಿ ಮುಳುಗಿದ ಮನೆಗಳನ್ನು ನೆನೆದರೆ ನನಗದು ಸರಿ ಎನಿಸುತ್ತದೆ. ಈ ಲೆಕ್ಕ ಕಲಿಯಲು ಹುಣಸೆಬೀಜ ಸಾಕು. ಆದರೆ ಬೀಜಕ್ಕೆ ಬೆಲೆಯಿಲ್ಲದಿದ್ದರೆ ಯಾರೂ ಎಲೆ ಬಿಡುವುದಿಲ್ಲ, ಎಲ್ಲರೂ ಎಲ್ಲವನ್ನೂ ನೋಡುತ್ತಾರೆ. ತಲೆಗೆ ಐವತ್ತು ಬೀಜ ಎಣಿಸಿ ಕೊಟ್ಟು, ಮೊದಲು ಮುಗಿಸಿಕೊಂಡವರು ಎಲ್ಲರಿಗೂ ಟೀ ಮಾಡಬೇಕು ಎಂದು ಗೊತ್ತುಮಾಡಿ. ಫೋಲ್ಡ್ ತಾನಾಗಿ ಶುರುವಾಗುತ್ತದೆ.

ಎಲೆಯ ಲೆಕ್ಕ ಅರ್ಧ; ಉಳಿದರ್ಧ ಎದುರಿನವನ ಕಥೆ. ಸ್ಟೂ ಉಂಗರ್ ಎಂಬ ಅಮೆರಿಕದ ಆಟಗಾರ ಮೂರು ಸಲ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಮನ್ಸೂರ್ ಮತ್ಲೂಬಿ ಎಂಬ ಆಟಗಾರನ ಜೊತೆಗಿನ ಒಂದು ಕೈಯಲ್ಲಿ ಮೇಜಿನ ಮೇಲೆ ಮೂರು, ಮೂರು, ಏಳು, ರಾಜ, ರಾಣಿ. ಉಂಗರ್ ಕೈಯಲ್ಲಿ ಹತ್ತು-ಒಂಬತ್ತು, ಮೇಜಿನ ಮೂರರ ಜೋಡಿ ಬಿಟ್ಟರೆ ಏನೂ ಇಲ್ಲ. ಮತ್ಲೂಬಿ 32,000 ಡಾಲರನ್ನು ಒಮ್ಮೆಗೇ ನೂಕಿದ. ರಾಜ ಬಿದ್ದಾಗ ಸುಮ್ಮನಿದ್ದವನು ಈಗೇಕೆ ಅಬ್ಬರಿಸುತ್ತಾನೆ? ನಿಜವಾಗಿ ಒಳ್ಳೆಯ ಕೈ ಇದ್ದರೆ ಹೀಗೆ ಆಡುತ್ತಿದ್ದನೇ? ಕಥೆ ಹೊಂದಲಿಲ್ಲ. ನಿನ್ನ ಹತ್ತಿರ ನಾಲ್ಕು-ಐದೋ ಐದು-ಆರೋ ಇರಬೇಕು ಎಂದು ಹೇಳಿ ಉಂಗರ್ ಕಾಲ್ ಮಾಡಿದ. ಇದ್ದದ್ದು ನಾಲ್ಕು-ಐದೇ.

ಇದಕ್ಕೆ ಎದುರಾಗಿ 2003ರ ಲಾಸ್ ವೇಗಾಸ್. ಅದೇ ಮುಖ್ಯ ಪಂದ್ಯಕ್ಕೆ ಬಂದ 839 ಮಂದಿಯಲ್ಲಿ ಕಡೆಗೆ ಉಳಿದವರು ಇಬ್ಬರು: ವೃತ್ತಿಪರ ಸ್ಯಾಮ್ ಫರ್ಹಾ, ಟೆನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಮೇಜಿನ ಮೇಲೆ ಇಸ್ಪೀಟಿನ ಒಂಬತ್ತು, ಆರು, ಎಂಟು, ಜೊತೆಗೆ ಬೇರೆ ಬಣ್ಣದ ಎರಡು, ಮೂರು. ಫರ್ಹಾ ಹತ್ತಿರ ಒಂಬತ್ತರ ಜೋಡಿ. ಮನಿಮೇಕರ್ ಹತ್ತಿರ ರಾಜ-ಏಳು, ಏನೂ ಕೂಡಿಬಂದಿರಲಿಲ್ಲ. ಆದರೂ ಆತ ಇದ್ದದ್ದೆಲ್ಲ ಕಟ್ಟಿದ. ಫ್ಲಶ್ ತಪ್ಪಿತೇನೋ ಎಂದು ಫರ್ಹಾ ಬಾಯಿಬಿಟ್ಟೇ ಶಂಕಿಸಿದ, ಯೋಚಿಸಿದ, ಕಡೆಗೆ ಎಲೆ ಬಿಟ್ಟ. ಕೊನೆಗೆ ಪಂದ್ಯ ಗೆದ್ದ ಮನಿಮೇಕರ್‌ಗೆ 25 ಲಕ್ಷ ಡಾಲರ್ ಬಂತು. ಮರುವರ್ಷ ಅದೇ ಪಂದ್ಯಕ್ಕೆ 2,576 ಮಂದಿ ಬಂದರು.

ಟಿವಿಯಲ್ಲಿ ನೋಡಿದವರು ಇವತ್ತಿಗೂ ಫರ್ಹಾನನ್ನು ಹಳಿಯುತ್ತಾರೆ. ಇದು ನನಗೆ ನ್ಯಾಯವೆನಿಸುವುದಿಲ್ಲ. ಪುಟ್ಟ ಕ್ಯಾಮೆರಾ ಅವರಿಗೆ ಇಬ್ಬರ ಎಲೆಯನ್ನೂ ತೋರಿಸಿತ್ತು. ಫರ್ಹಾಗೆ ಕಂಡದ್ದು ಮೂರು ಇಸ್ಪೀಟು, ಸ್ಟ್ರೇಟಿಗೆ (ಅನುಕ್ರಮದ ಐದೆಲೆಗೆ) ಅನುವಾದ ಎಲೆಗಳು, ಮತ್ತು ಹಿಂದಿನ ಸುತ್ತಿನಲ್ಲೇ ತನ್ನ ಮೂರು ಲಕ್ಷದ ಬೆಟ್ಟನ್ನು ಎಂಟು ಲಕ್ಷಕ್ಕೆ ಏರಿಸಿದ್ದ ಎದುರಾಳಿ. ಕಥೆ ಹೊಂದುವಂತೆಯೇ ಇತ್ತು.

ಕೈ ಚೆನ್ನಾಗಿಲ್ಲದಿದ್ದರೂ ಬೆಟ್ ಕಟ್ಟಿ ಹೆದರಿಸುವ ಬ್ಲಫ್ ಎನ್ನುವುದು ಬರೀ ತಂಟೆಯಲ್ಲ ಎಂದು ಗಣಿತದಿಂದ ತೋರಿಸಿದವರು ಜಾನ್ ವಾನ್ ನಾಯ್ಮನ್. ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ 1944ರಲ್ಲಿ ಬರೆದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರಿಗೇ ಒಂದು ಭಾಗ ಮೀಸಲಿದೆ. ಎಂದೂ ಬ್ಲಫ್ ಮಾಡದವನು ಬೆಟ್ ಕಟ್ಟಿದರೆ ಎಲ್ಲರೂ ಬಿಟ್ಟೇಳುತ್ತಾರೆ, ಅವನ ಒಳ್ಳೆಯ ಕೈಗೂ ಕಾಸು ಹುಟ್ಟುವುದಿಲ್ಲ. ಹಾಗೆಯೇ ಪ್ರತಿ ಬೆಟ್ಟಿಗೂ ಬಿಡುವವನನ್ನು ಎಲ್ಲರೂ ದೋಚುತ್ತಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ 2017ರಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈ ಆಡಿ ಗೆದ್ದಿತಲ್ಲ, ಅದು ಅಂಚಿನಲ್ಲಿರುವ ಕೈಯನ್ನು ಕೆಲವು ಸಲ ನೋಡುತ್ತಿತ್ತು, ಕೆಲವು ಸಲ ಬಿಡುತ್ತಿತ್ತು. ಮೋಸಹೋಗಿ ಬಿಡುವುದೂ ಸೋತ ಕೈಯನ್ನು ನೋಡುವುದೂ ಚೆನ್ನಾದ ಆಟದೊಳಗೇ ಸೇರಿವೆ.

ಆದ್ದರಿಂದ ಎಲೆ ಬಿಟ್ಟ ಮೇಲೆ ‘ಏನಿತ್ತು, ತೋರಿಸು’ ಎಂದು ಕೇಳುವ ಚಟ ಬೇಡ ಎಂದು ಕಲಿಯುವ ಮಕ್ಕಳಿಗೆ ನಾನು ಹೇಳುತ್ತಿರುತ್ತೇನೆ. ಬದಲಿಗೆ ಬಿಟ್ಟದ್ದೇಕೆ, ನೋಡಿದ್ದೇಕೆ ಎಂದು ಪಕ್ಕದಲ್ಲಿ ಕೂತವರಿಗೆ ವಿವರಿಸಿ. ಬೆಲೆ ಎಷ್ಟಿತ್ತು, ಗೆಲ್ಲುವ ಸಂಭವ ಎಷ್ಟಿತ್ತು, ಎದುರಿನವನ ಕಥೆ ಎಲ್ಲಿ ಹೊಂದಿತು, ಎಲ್ಲಿ ಹೊಂದಲಿಲ್ಲ ಎಂದು ಹೇಳಲು ಬಂದರೆ, ಆ ಕೈ ಸೋತಿದ್ದರೂ ನೀವು ಚೆನ್ನಾಗಿಯೇ ಆಡಿದ್ದೀರಿ.