ಕೆಮ್ಮುವ ಮೊದಲು

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಫಿಸಿಯೋಥೆರಪಿ ವಿಭಾಗ. ಹಾಲ್‌ನಲ್ಲಿ ಮೊಣಕಾಲು ನೋವಿನವರು ಸೈಕಲ್ ತುಳಿಯುತ್ತಿದ್ದಾರೆ. ಲಕ್ವಾ ಹೊಡೆದವರೊಬ್ಬರು ಕಂಬಿ ಹಿಡಿದು ಹೆಜ್ಜೆ ಇಡುತ್ತಿದ್ದಾರೆ. ಪಕ್ಕದವರು ನೋಡುತ್ತಾರೆಂಬ ಸಂಕೋಚ ಇಲ್ಲಿ ಯಾರಿಗೂ ಇಲ್ಲ. ಕೊನೆಯ ಕೋಣೆಗೆ ಮಾತ್ರ ಬಾಗಿಲಿದೆ, ಒಳಗಿನಿಂದ ಚಿಲಕವಿದೆ.

ಒಳಗೆ ಕೂತವರು ಐವತ್ತು ದಾಟಿದ ಹೆಂಗಸು. ಚೀಟಿಯಲ್ಲಿ ಬರೆದಿರುವುದು ಸೊಂಟನೋವು. ಥೆರಪಿಸ್ಟ್ ಮೊದಲು ಸೊಂಟದ ಮಾತೇ ಆಡುತ್ತಾರೆ: ಹೊಲದ ಕೆಲಸ, ನೀರಿನ ಕೊಡ, ಹೆರಿಗೆ ಎಷ್ಟು. ಆಮೇಲೆ ಅದೇ ದನಿಯಲ್ಲಿ, "ಕೆಮ್ಮಿದಾಗ, ಸೀನಿದಾಗ ಹನಿ ಬೀಳ್ತಾವೇನ್ರೀ ಅವ್ವಾ?"

ಹೆಂಗಸಿನ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಚಿಲಕ ಹಾಕಿದೆ.

"ಸೀರಿ ತೊಯ್ತೈತ್ರೀ. ಬಸ್ಸಿನ್ಯಾಗ ಕುಂದ್ರಾಕ ಅಂಜಿಕಿ. ಮದುವಿಗೆ ಹೋಗೂದ ಬಿಟ್ಟೀನಿ."

"ಯಾವಾಗಿಂದರೀ?"

"ಸಣ್ಣ ಮಗಳು ಹುಟ್ಟಿದಾಗಿಂದ." ತುಸು ತಡೆದು, "ಆಕಿಗೂ ಈಗ ಎರಡು ಮಕ್ಕಳರೀ."

ಥೆರಪಿಸ್ಟ್ ಮೇಜಿನ ಮೇಲಿನ ಪ್ಲಾಸ್ಟಿಕ್ ಕಟಿಮೂಳೆಯನ್ನು ಎತ್ತಿಕೊಳ್ಳುತ್ತಾರೆ. ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಕೆಂಪು ಸ್ನಾಯುಗಳು ಹರಡಿವೆ. "ಕೂಸಿನ ಜೋಳಗಿ ಇದ್ದಂಗ ನೋಡ್ರಿ. ಉಚ್ಚಿ ಚೀಲ, ಗರ್ಭಚೀಲ ಎಲ್ಲಾ ಇದರ ಮ್ಯಾಲ ಕುಂತಾವು. ಹೆರಿಗ್ಯಾಗ ಇದು ಜಗ್ಗತೈತಿ."

ಪರದೆ ಎಳೆಯುತ್ತಾರೆ. ಈಚೆಗೆ ಕೇಳುವುದು ಮಾತು ಮಾತ್ರ. "ಗ್ಲೋವ್ಸ್ ಹಾಕ್ಕೊಂಡು ಒಂದು ಬೆರಳಿಂದ ನೋಡ್ತೀನಿ. ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ರಿ, ಅಲ್ಲಿಗೇ ನಿಲ್ಲಸ್ತೀನಿ." ಮೌನ. "ಗಾಳಿ ಹೋಗದಂಗ ತಡೀರಿ. ಕೆಳಗ ತಳ್ಳಬ್ಯಾಡ್ರಿ, ಒಳಗ ಮ್ಯಾಲಕ್ಕ ಎಳೀರಿ. ಉಸಿರು ಹಿಡೀಬ್ಯಾಡ್ರಿ." ಮತ್ತೊಮ್ಮೆ. ಮಗದೊಮ್ಮೆ. "ಹಾಂ, ಇದ! ಇದ ನೋಡ್ರಿ!"

ಆ ಉದ್ಗಾರಕ್ಕೆ ಕಾರಣವಿದೆ. ಬಾಯಿಮಾತಿನಲ್ಲಿ ಹೇಳಿದರೆ ಅನೇಕರು ಎಳೆಯುವ ಬದಲು ಕೆಳಕ್ಕೆ ಮುಕ್ಕರಿಸುತ್ತಾರೆ, ಇಲ್ಲವೇ ತೊಡೆ ಬಿಗಿಯುತ್ತಾರೆ. ಈ ಸ್ನಾಯು ಕನ್ನಡಿಯಲ್ಲಿ ಕಾಣುವಂಥದ್ದಲ್ಲ. ಅದು ಸರಿಯಾಗಿ ಎದ್ದಿತೋ ಇಲ್ಲವೋ ಎಂದು ತಿಳಿಯುವುದು ಪಳಗಿದ ಬೆರಳಿಗೆ. ಬಿಗಿತದ ಸೊನ್ನೆಯಿಂದ 5ರವರೆಗಿನ ಅಳತೆಯಲ್ಲಿ ಇವತ್ತು 2 ಎಂದು ಬರೆದುಕೊಳ್ಳುತ್ತಾರೆ.

ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಸಲ, ಕಡಿಮೆಯೆಂದರೆ ಮೂರು ತಿಂಗಳು. ಕೆಮ್ಮು ಬರುತ್ತಿದೆ ಅನ್ನಿಸಿದ ಕೂಡಲೇ, ಕೊಡ ಎತ್ತುವ ಮೊದಲೇ, ಒಮ್ಮೆ ಬಿಗಿಯಬೇಕು. ಹೆಂಗಸು ಎದ್ದು ಕೂತು ಕೆಮ್ಮಿ ನೋಡುತ್ತಾರೆ. ಇನ್ನೊಮ್ಮೆ ಕೆಮ್ಮುತ್ತಾರೆ, ಈ ಸಲ ಜೋರಾಗಿ.

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಈ ವ್ಯಾಯಾಮದ ಬಗ್ಗೆ ಬರೆದದ್ದು 1948ರಲ್ಲಿ. ಬಿಗಿತವನ್ನು ಅಳೆಯಲು ಉಪಕರಣವನ್ನೂ ಮಾಡಿದ್ದರು. ಅಷ್ಟು ಹಿಂದಿನ ವಿದ್ಯೆ ಈ ತಾಯಿಗೆ ಇವತ್ತಷ್ಟೇ ಸಿಕ್ಕಿತಲ್ಲ ಎಂದು ಸಂಕಟವಾಗುತ್ತದೆ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಎಷ್ಟು ಜನ ಹೇಳಿರಬೇಡ! ವಯಸ್ಸಾಯಿತೆಂದರೂ, ಹೆತ್ತಿದ್ದೇವೆಂದರೂ ಇದನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ.

ಥೆರಪಿಸ್ಟ್ ಓದಿದ್ದು ನಾಲ್ಕೂವರೆ ವರ್ಷದ ಬಿಪಿಟಿ (ಫಿಸಿಯೋಥೆರಪಿ ಪದವಿ), ಮೇಲೆರಡು ವರ್ಷದ ಎಂಪಿಟಿ (ಸ್ನಾತಕೋತ್ತರ ಪದವಿ). ಓರಗೆಯವರು ಕ್ರೀಡಾಪಟುಗಳ ಕಡೆ, ಮೂಳೆ ವಿಭಾಗದ ಕಡೆ ಹೋದರು. ಇವರು ಈ ಕೋಣೆ ಆರಿಸಿಕೊಂಡರು. ಮೊದಮೊದಲು ಯಾರೂ ಕಳಿಸುತ್ತಿರಲಿಲ್ಲ. ತಾವೇ ಬಾಣಂತಿಯರ ವಾರ್ಡಿಗೆ ಹೋಗಿ ಮಂಚದಿಂದ ಮಂಚಕ್ಕೆ ಕೇಳುತ್ತ ನಡೆದರು. ಮಗಳು ಏನು ಮಾಡುತ್ತಾಳೆಂದು ನೆಂಟರು ಕೇಳಿದರೆ ತಾಯಿ ಈಗಲೂ "ಫಿಸಿಯೋ" ಎಂದಷ್ಟೇ ಹೇಳುತ್ತಾರಂತೆ.

ಮುಂದಿನವಳು ಹೊಸದಾಗಿ ಮದುವೆಯಾದ ಹುಡುಗಿ. ಗಂಡನ ಜೊತೆ ಸೇರುವುದೇ ನೋವು. ಯೂಟ್ಯೂಬ್ ನೋಡಿ ಕೆಗೆಲ್ ವ್ಯಾಯಾಮ ಮಾಡಿದಳು, ನೋವು ಇನ್ನೂ ಹೆಚ್ಚಿತು. ಥೆರಪಿಸ್ಟ್ ಅದನ್ನು ಮೊದಲು ನಿಲ್ಲಿಸುತ್ತಾರೆ. ಇವಳ ಸ್ನಾಯುವಿಗೆ ಬಿಗಿಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಮಲಗಿ, ಮೊಣಕಾಲು ಮಡಚಿ, ಕೈ ಹೊಟ್ಟೆಯ ಮೇಲೆ. "ಉಸಿರು ತಗೊಳ್ಳುವಾಗ ಹೊಟ್ಟೆ ಉಬ್ಬಲಿ. ಕೆಳಗೂ ಸಡಿಲ ಬಿಡು. ಅವಸರ ಇಲ್ಲ." ಇಂದಿನ ಚಿಕಿತ್ಸೆ ಇಷ್ಟೇ; ಒಳಪರೀಕ್ಷೆ ಅವಳು ಹೂಂ ಅಂದ ದಿನ.

ಬಾಗಿಲು ತೆರೆದರೆ ಬೆಂಚಿನ ಮೇಲೆ ಹಿರಿಯರೊಬ್ಬರು, ಜೊತೆಗೆ ಮಗ. ಕ್ಯಾನ್ಸರ್ ಆಗಿ ಪ್ರಾಸ್ಟೇಟ್ ತೆಗೆಸಿಕೊಂಡಿದ್ದಾರೆ. ಅಂದಿನಿಂದ ಉಚ್ಚೆ ನಿಲ್ಲುತ್ತಿಲ್ಲ. ಎದ್ದು ನಿಂತು ಅನುಮಾನಿಸುತ್ತಾರೆ. "ಇದು ಹೆಣ್ಣುಮಕ್ಕಳ ಖೋಲಿ ಅಲ್ಲೇನ್ರೀ?"

"ಗಂಡಸರಿಗೂ ಇದ ಸ್ನಾಯು ಐತ್ರೀ ಅಜ್ಜಾರ. ಬರ್ರಿ, ಒಳಗ ಬರ್ರಿ."