ರಫ್ ಬುಕ್ಕಿನ ಹೊಲಿಗೆ

ಏಪ್ರಿಲ್ 10ಕ್ಕೆ ರಿಸಲ್ಟು. ನಾವು ಪಾಸೋ ನಪಾಸೋ ಅನ್ನುವುದು ಬೀದಿಗೆಲ್ಲ ಗೊತ್ತಾದ ಮಾರನೇ ದಿನ ನಮ್ಮ ಮನೆಯ ಜಗಲಿಯ ಮೇಲೆ ನೋಟ್‌ಬುಕ್ಕುಗಳ ಹಣೆಬರಹ ತೀರ್ಮಾನವಾಗುತ್ತಿತ್ತು. ಅಪ್ಪ ದಬ್ಬಳ, ಗೋಣಿದಾರ ಇಟ್ಟುಕೊಂಡು ಕೂರುತ್ತಿದ್ದರು. ನಾವು ಮೂವರು ಮಕ್ಕಳು ವರ್ಷದ ಪುಸ್ತಕಗಳನ್ನೆಲ್ಲ ತಂದು ಮುಂದೆ ಸುರಿಯಬೇಕು. ಗಣಿತದಲ್ಲಿ ಹದಿನಾಲ್ಕು ಖಾಲಿ ಹಾಳೆ, ಸಮಾಜದಲ್ಲಿ ಒಂಬತ್ತು, ಹಿಂದಿಯಲ್ಲಿ ಯಾವಾಗಲೂ ಅರ್ಧಕ್ಕರ್ಧ. ಅಪ್ಪ ಅವನ್ನಷ್ಟೇ ಕಿತ್ತು, ಅಂಚು ತಟ್ಟಿ ಸಮ ಮಾಡಿ, ಮೂರು ಕಡೆ ತೂತು ಕೊರೆದು ಹೊಲಿದರೆ ಮುಂದಿನ ವರ್ಷದ ರಫ್ ಬುಕ್ ತಯಾರು. ಬರೆದ ಹಾಳೆಗಳು ಕಡಲೆಬೀಜದ ಪೊಟ್ಟಣ ಕಟ್ಟಲು ಶೆಟ್ಟರ ಅಂಗಡಿಗೆ.

ಆ ರಫ್ ಬುಕ್ಕಿನಲ್ಲಿ ಒಂದು ಹಾಳೆ ಚೌಕುಳಿ, ಪಕ್ಕದ್ದು ನಾಲ್ಕು ಗೆರೆಯ ಕಾಪಿ ರೈಟಿಂಗಿನದು, ಅದರಾಚೆ ಗೆರೆಯೇ ಇಲ್ಲದ ಡ್ರಾಯಿಂಗ್ ಹಾಳೆ. ನಾಲ್ಕು ಗೆರೆಯ ಹಾಳೆಯಲ್ಲಿ ದೊಡ್ಡ ಭಾಗಾಕಾರ ಮಾಡಿ ನೋಡಿದವರಿಗೇ ಗೊತ್ತು ಅದರ ಪಾಡು. ಗೆಳೆಯರು ನಗುತ್ತಿದ್ದರು. ಅಪ್ಪನ ಈ ಕಸುಬಿಗೆ ಕಂಪ್ಯೂಟರ್ ಲೋಕದಲ್ಲಿ ಹೆಸರೇ ಒಂದಿದೆ ಎಂದು ಆಗ ಯಾರಾದರೂ ಹೇಳಿದ್ದರೆ ನಾನೂ ಸ್ವಲ್ಪ ಜಂಬ ಕೊಚ್ಚಿಕೊಳ್ಳಬಹುದಿತ್ತು.

1997ರಲ್ಲಿ ನನಗೆ ಅಮ್ಮನ ಬಾಯಲ್ಲಿ ಬರುವ ಗಾದೆಗಳನ್ನು ಕೂಡಿಹಾಕುವ ಹುಚ್ಚು ಹಿಡಿಯಿತು. ಗೆಳೆಯನ ಡಿಟಿಪಿ ಸೆಂಟರಿನಲ್ಲಿ, ರಾತ್ರಿ ಶಟರ್ ಅರ್ಧ ಎಳೆದ ಮೇಲೆ, ಕೂತು ಟೈಪ್ ಮಾಡುತ್ತಿದ್ದೆ. ಒಂದು ಗಾದೆ, ಅದರ ಅರ್ಥ, ಅಮ್ಮ ಅದನ್ನು ಯಾರನ್ನು ಬೈಯುವಾಗ ಬಳಸಿದಳು ಎಂಬ ಟಿಪ್ಪಣಿ. ಇಷ್ಟಕ್ಕೆ ಒಂದು ಫೈಲು, ಸುಮಾರು 700 ಬೈಟು. ಆಮೇಲೆ ಹಿಂದುಮುಂದು ಮಾಡಿ ಜೋಡಿಸಲು ಸುಲಭ ಎಂಬ ಲೆಕ್ಕಾಚಾರ. 1,200 ಗಾದೆ ಆಗುವ ಹೊತ್ತಿಗೆ ಗೆಳೆಯ ಬಂದು ನಿಂತ. “ಮಾರಾಯ, ನಿಮ್ಮಮ್ಮನ ಗಾದೆ ನನ್ನ ಡಿಸ್ಕಲ್ಲಿ 37 ಎಂಬಿ ತಿಂದು ಕೂತಿದೆ ಕಣೋ. ಲಗ್ನಪತ್ರಿಕೆ ಸೀಸನ್ನು, ಎತ್ತಿಕೊಂಡು ಹೋಗು.” ಅವನ ಇಡೀ ಡಿಸ್ಕೇ 1.2 ಜಿಬಿ.

37 ಎಂಬಿ ಅಂದರೆ 26 ಫ್ಲಾಪಿ. ಕಡ ತಂದ ಹತ್ತು ಫ್ಲಾಪಿಯ ಡಬ್ಬಿಯೊಂದಿಗೆ ಹೋಗಿ ಮೊದಲನೆಯದಕ್ಕೆ ಕಾಪಿ ಹಾಕಿದೆ. 224 ಫೈಲಿಗೆ ಗಕ್ಕನೆ ನಿಂತಿತು. ಫ್ಲಾಪಿಯಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಅದರ ಮೊದಲ ಪಟ್ಟಿಯಲ್ಲಿ 224 ಹೆಸರಿಗೆ ಮೇಲೆ ಬರೆಯಲು ಸಾಲುಗಳಿಲ್ಲ. “ಒಂದು ಫೋಲ್ಡರ್ ಮಾಡಿ ಅದರೊಳಗೆ ಹಾಕಿ ಸಾರ್” ಅಂದ, ಅಲ್ಲಿ ಕೆಲಸಕ್ಕಿದ್ದ ಹುಡುಗ. ಹಾಕಿದೆ. 1,200 ಗಾದೆಯೂ ಆ ಒಂದೇ ಫ್ಲಾಪಿಯೊಳಗೆ ಹೋಗಿ ಕೂತವು, ಇನ್ನೂ ಒಂದಿಷ್ಟು ಜಾಗ ಉಳಿಯಿತು. ಡಿಸ್ಕಿನಿಂದ ಅಳಿಸಿದೊಡನೆ ಗೆಳೆಯನ 37 ಎಂಬಿ ಅವನಿಗೆ ವಾಪಸು ಬಂತು. ಉಳಿದ ಒಂಬತ್ತು ಫ್ಲಾಪಿ ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಂತೆ.

ಗುಟ್ಟು ಇಷ್ಟೆ. ಡಿಸ್ಕು ಫೈಲಿಗೆ ಜಾಗ ಕೊಡುವುದು ಬೈಟಿನ ಲೆಕ್ಕದಲ್ಲಿ ಅಲ್ಲ, ಕ್ಲಸ್ಟರಿನ ಲೆಕ್ಕದಲ್ಲಿ. ಆಗಿನ ಫ್ಯಾಟ್16 ವ್ಯವಸ್ಥೆಯಲ್ಲಿ ಕ್ಲಸ್ಟರುಗಳಿಗೆ ಹಾಕಲು ಇದ್ದ ನಂಬರುಗಳೇ ಹೆಚ್ಚೆಂದರೆ ಅರುವತ್ತೈದು ಸಾವಿರ ಚಿಲ್ಲರೆ. ಡಿಸ್ಕು ದೊಡ್ಡದಾದರೂ ನಂಬರು ಹೆಚ್ಚುವಂತಿಲ್ಲ. ಹಾಗಾಗಿ ಒಂದೊಂದು ಕ್ಲಸ್ಟರೇ ಹಿಗ್ಗಬೇಕು. 1 ಜಿಬಿ ದಾಟಿದರೆ ಕ್ಲಸ್ಟರ್ 32 ಕೆಬಿ. 700 ಬೈಟಿನ ಗಾದೆ ಬಂದರೂ 32 ಕೆಬಿ ಅದರ ಹೆಸರಿಗೆ. ಕೆಂಪು ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಮೂರು ಜನರ ಸೀಟು ಹಿಡಿದವನ ಹಾಗೆ: ಕೂತಿರುವವನು ಒಬ್ಬ, ನಿಂತವರು ಅರ್ಸೀಕೆರೆಯವರೆಗೂ ನಿಂತೇ ಇರಬೇಕು. ಫ್ಲಾಪಿಯ ಕ್ಲಸ್ಟರಾದರೋ ಬರೀ 512 ಬೈಟು. ಗಾದೆಗೆ ಎರಡು ಸಾಕಾಯಿತು.

ಹಾಗಾದರೆ ಎಲ್ಲ ಕಡೆ ಸಣ್ಣ ತುಂಡೇ ಇಡಬಹುದಲ್ಲ? ಬರ್ಕ್‌ಲಿಯಲ್ಲಿ ಯುನಿಕ್ಸ್ ತಿದ್ದುತ್ತಿದ್ದವರನ್ನು ಕಾಡಿದ್ದೂ ಇದೇ. ಹಳೆಯ ವ್ಯವಸ್ಥೆಯ 1,024 ಬೈಟಿನ ಬ್ಲಾಕುಗಳಲ್ಲಿ ಜಾಗ ಉಳಿಯುತ್ತಿತ್ತು, ಆದರೆ ಡಿಸ್ಕಿನ ವೇಗದಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ಕೈಗೆ ಸಿಗುತ್ತಿತ್ತು. ಬ್ಲಾಕನ್ನು 4,096ಕ್ಕೆ ಏರಿಸಿದರೆ ವೇಗ ಬರುತ್ತದೆ. ಅವರು ತಮ್ಮದೇ ಡಿಸ್ಕುಗಳನ್ನು ಅಳೆದು ನೋಡಿದಾಗ 512ರಲ್ಲಿ 6.9% ಇದ್ದ ಪೋಲು 4,096ರಲ್ಲಿ 45.6%ಕ್ಕೆ ಏರುತ್ತಿತ್ತು. ಮೆಕ್‌ಕುಸಿಕ್, ಜಾಯ್, ಲೆಫ್ಲರ್, ಫ್ಯಾಬ್ರಿ 1984ರ ಪ್ರಬಂಧದಲ್ಲಿ ವಿವರಿಸಿದ ಉಪಾಯ ಸೊಗಸಾದದ್ದು: ಬ್ಲಾಕು ದೊಡ್ಡದೇ ಇರಲಿ, ಫೈಲಿನ ಕೊನೆಯ ತುಣುಕಿಗೆ ಮಾತ್ರ ಬ್ಲಾಕಿನ ಎರಡನೇ, ನಾಲ್ಕನೇ ಅಥವಾ ಎಂಟನೇ ಒಂದು ಪಾಲು ಕೊಡೋಣ, ಉಳಿದದ್ದರಲ್ಲಿ ಬೇರೆಯವರ ತುಣುಕು ಕೂರಲಿ. ಕಂಡಕ್ಟರ್ ಬಂದು “ಟವೆಲ್ ತೆಗೀರಿ, ಸ್ವಲ್ಪ ಸರೀರಿ” ಅಂದಂತೆ.

2001ರಲ್ಲಿ ಲಿನಕ್ಸ್ 2.4.1ರೊಳಗೆ ಬಂದ ರೈಸರ್‌ಎಫ್‌ಎಸ್ ಇನ್ನೂ ಮುಂದೆ ಹೋಯಿತು. ಅದಕ್ಕೆ ಪಾಲಿನ ಹಂಗೂ ಇಲ್ಲ. ಹಲವು ಫೈಲುಗಳ ಬಾಲಗಳನ್ನು ಕತ್ತರಿಸಿ ತಂದು ಒಂದೇ ಬ್ಲಾಕಿನಲ್ಲಿ ಒತ್ತೊತ್ತಾಗಿ ಜೋಡಿಸುತ್ತದೆ. ಹೆಸರು ಟೇಲ್ ಪ್ಯಾಕಿಂಗ್. ಇದನ್ನು ಓದಿದಾಗ ನನಗೆ ನೇರವಾಗಿ ದಬ್ಬಳ ಕಂಡಿತು. ಅಪ್ಪನ ಕಷ್ಟವೂ ಅಲ್ಲಿತ್ತು. ಫೈಲು ಬೆಳೆದರೆ ಬಾಲವನ್ನು ಆ ಗುಂಪಿನಿಂದ ಬಿಡಿಸಿ ಬೇರೆ ಕಡೆ ಒಯ್ಯಬೇಕು, ಓದುವಾಗ ದೇಹ ಒಂದು ಕಡೆ, ಬಾಲ ಇನ್ನೊಂದು ಕಡೆ. ಹಾಗಾಗಿ ವೇಗ ಬೇಕೆನ್ನುವವರಿಗೆ “ನೋಟೇಲ್” ಎಂಬ ಆಯ್ಕೆಯನ್ನೂ ಇಟ್ಟಿದ್ದರು. ನನ್ನ ತಂಗಿ ಎಂಟನೇ ಕ್ಲಾಸಿನಲ್ಲಿ ಅಳುತ್ತಾ ಕೇಳಿದ್ದು ಅದನ್ನೇ: ಹೊಲಿದದ್ದು ಬೇಡ, ಅಂಗಡಿಯದು ಬೇಕು. ರೈಸರ್‌ಎಫ್‌ಎಸ್ ಈಗ ಲಿನಕ್ಸಿನಿಂದ ಹೊರಬಿದ್ದಿದೆ, 6.13ನೇ ಆವೃತ್ತಿಯಲ್ಲಿ ಅದು ಇಲ್ಲ.

ಗಾದೆಗಳು ಈಗ ಲ್ಯಾಪ್‌ಟಾಪಿನಲ್ಲಿವೆ. ಇದರ ಎನ್‌ಟಿಎಫ್‌ಎಸ್ ಜಾಣ. ಸುಮಾರು 700 ಬೈಟಿನೊಳಗಿನ ಫೈಲಾದರೆ ಬೇರೆ ಜಾಗವನ್ನೇ ಕೊಡುವುದಿಲ್ಲ, ಹೆಸರು ಬರೆದಿಟ್ಟ ದಾಖಲೆಯೊಳಗೇ ಅದನ್ನೂ ತುರುಕಿಬಿಡುತ್ತದೆ. ಅಮ್ಮನ ಗಾದೆಗಳಿಗೆ ಹೇಳಿ ಮಾಡಿಸಿದ ಅಳತೆ ಎಂದು ಹಿಗ್ಗಿದೆ. ಆದರೆ ಈ ನಡುವೆ ಅವನ್ನು ಯುನಿಕೋಡಿಗೆ ತಂದಿದ್ದೆನಲ್ಲ! ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು; ಕ ಒತ್ತು ಷ ಸೇರಿದ ಒಂದು “ಕ್ಷ” ಅನ್ನಲು ಒಂಬತ್ತು. ಗಾದೆಗಳೆಲ್ಲ ಮದುವೆಯಾದ ಮೇಲಿನ ನನ್ನ ಹಾಗೆ ದಪ್ಪಗಾಗಿವೆ, ಆ ಬಾಗಿಲಲ್ಲಿ ನುಗ್ಗುವುದಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ಫೈಲಿಗೆ ಸುರಿದೆ.

ಕಳೆದ ಬೇಸಿಗೆಯಲ್ಲಿ ಊರ ಮನೆಯ ಟ್ರಂಕಿನಲ್ಲಿ ನನ್ನ ಏಳನೇ ಕ್ಲಾಸಿನ ರಫ್ ಬುಕ್ ಸಿಕ್ಕಿತು. ಹಾಳೆ ಹಳದಿ ತಿರುಗಿದೆ, ಅಪ್ಪನ ಹೊಲಿಗೆ ಮಾತ್ರ ಜಗ್ಗಿದರೂ ಜಗ್ಗದು. ಕೊನೆಯಲ್ಲಿ ಹನ್ನೊಂದು ಹಾಳೆ ಖಾಲಿ. ದಬ್ಬಳ ಎಲ್ಲಿದೆ ಎಂದು ಅಮ್ಮನನ್ನು ಕೇಳಿದೆ. ಅವಳು ಒಂದು ಗಾದೆ ಹೇಳಿದಳು. ನನ್ನ ಸಂಗ್ರಹದಲ್ಲಿಲ್ಲದ್ದು, ಸೇರಿಸುವಂಥದ್ದೂ ಅಲ್ಲ.